ಪಾತ್ರೆ ತೊಳೆಯಲು ಸ್ಪಾಂಜ್, ತೆಂಗಿನ ನಾರು, ಹೀರೇಕಾಯಿ ನಾರು: ಯಾವುದು ಎಲ್ಲಿಗೆ?

ಮೂಡಿಗೆರೆಯ ಸೊಸೆಯೊಬ್ಬರು ಈ ಮೂರರಲ್ಲಿ ಯಾವುದನ್ನು ಆರಿಸಲಿ ಎಂದು ಕೇಳಿದ್ದಾರೆ.

ಹಳದಿ–ಹಸಿರು ಸ್ಪಾಂಜಿನ ಮೆತ್ತನೆಯ ಭಾಗ ಸಾಮಾನ್ಯವಾಗಿ ಪಾಲಿಯುರೆಥೇನ್, ಒರಟು ಭಾಗ ನೈಲಾನ್ ಅಥವಾ ಪಾಲಿಯೆಸ್ಟರ್ ಎಳೆ. ಎರಡೂ ಪ್ಲಾಸ್ಟಿಕ್ಕೇ ಆದ್ದರಿಂದ ಸವೆದಂತೆಲ್ಲ ಸೂಕ್ಷ್ಮ ಕಣಗಳು ನೀರಿಗೆ ಸೇರುತ್ತವೆ. ನಾರುಗಳು ಮಣ್ಣಿನಲ್ಲಿ ಕೊಳೆಯುತ್ತವೆ.

ಆದರೆ ಮಲೆನಾಡಿನಲ್ಲಿ ನನಗೆ ಮುಖ್ಯವೆನಿಸುವುದು ಒಣಗುವ ಗುಣ. 2017ರಲ್ಲಿ ಜರ್ಮನಿಯ ಸಂಶೋಧಕರು ಬಳಸಿದ 14 ಸ್ಪಾಂಜುಗಳನ್ನು ಪರೀಕ್ಷಿಸಿದಾಗ ಕೆಲವು ಕಡೆ ಘನ ಸೆಂಟಿಮೀಟರಿಗೆ 5,000 ಕೋಟಿಗೂ ಹೆಚ್ಚು ಬ್ಯಾಕ್ಟೀರಿಯಾ ಕಂಡವು; ಅವೆಲ್ಲ ರೋಗಕಾರಕವಲ್ಲವಾದರೂ, ಜುಲೈ ಮಳೆಯಲ್ಲಿ ದಿನವಿಡೀ ಒದ್ದೆಯಾಗಿಯೇ ಉಳಿಯುವ ಸ್ಪಾಂಜನ್ನು, ಅದರಲ್ಲೂ ಹಸಿ ಮಾಂಸ ಮೀನು ಮುಟ್ಟಿದ್ದನ್ನು, ನಾನು ಒಪ್ಪಲಾರೆ. ಗಾಳಿಯಾಡುವ ತೆಂಗಿನ ನಾರು ಬೇಗ ಒಣಗುತ್ತದೆ. ದಪ್ಪ ಹೀರೇಕಾಯಿ ನಾರಿಗೆ ಬೂಸು ಹಿಡಿಯಬಹುದು, ಅದನ್ನು ಒಲೆಯ ಬಳಿ ತೂಗುಹಾಕಬೇಕು.

ಖರ್ಚಿನ ಮಾತು ಚಿಕ್ಕದು: ಹಿತ್ತಿಲಲ್ಲಿ ಬಳ್ಳಿಯಿದ್ದರೆ, ಅರಸೀಕೆರೆಯ ಕಡೆಯಂತೆ ತೆಂಗಿದ್ದರೆ, ನಾರಿಗೆ ದುಡ್ಡೇ ಬೇಡ.

ಅಕ್ಕಿರೊಟ್ಟಿಯ ಕಬ್ಬಿಣದ ಕಾವಲಿಗೂ ತಳ ಹಿಡಿದ ಪಾತ್ರೆಗೂ ತೆಂಗಿನ ನಾರು, ಗಾಜು, ಸ್ಟೀಲಿಗೆ ನೆನೆಸಿದ ಹೀರೇಕಾಯಿ ನಾರು ಸಾಕು. ನಾನ್‌ಸ್ಟಿಕ್ ತವಕ್ಕೆ ಮಾತ್ರ ಸ್ಪಾಂಜಿನ ಮೆತ್ತನೆಯ ಮುಖವೇ ಸುರಕ್ಷಿತ. ಅದನ್ನು ಹಿಂಡಿ ಒಣಗಿಸಿ, ವಾಸನೆ ಬರುವ ಮೊದಲೇ ಬದಲಿಸಿ.