ಹಳೆಯ ಕಾರಿನ ಗೇರ್‌ಬಾಕ್ಸ್‌ಗೆ ಜಿಎಲ್-5 ಎಣ್ಣೆ: ಸುರಿಯಲು ಬಿಡಬೇಡಿ

ಮಂಗಳೂರು, ಉಡುಪಿ ಕಡೆ ಹಳೆಯ ಕಾರು ಸಾಕುತ್ತಿರುವವರು ದಯವಿಟ್ಟು ಇದನ್ನು ಓದಿ. ಯಾವ ಕೆಲಸಕ್ಕೆ ಗ್ಯಾರೇಜಿಗೆ ಬಿಟ್ಟರೂ, ಕೇಳದೆ ಗೇರ್‌ಬಾಕ್ಸ್‌ನ ಎಣ್ಣೆ ಮುಟ್ಟಬಾರದು ಎಂದು ಜಾಬ್ ಕಾರ್ಡಿನಲ್ಲಿ ಬರೆಸಿಯೇ ಬಿಡಿ. ನಮ್ಮ ಕಾರನ್ನು ಬಿಟ್ಟದ್ದು ಕ್ಲಚ್ಚಿನ ಸ್ಲೇವ್ ಸಿಲಿಂಡರ್ ಸೋರುತ್ತಿದ್ದುದಕ್ಕೆ. ಕ್ಲಚ್ ಸರಿಯಾಯಿತು, ಗೇರ್‌ಬಾಕ್ಸ್ ಹಾಳಾಯಿತು. ಗ್ಯಾರೇಜಿನ ಹೆಸರು ಹೇಳುವುದಿಲ್ಲ. ಇದೇ ತಪ್ಪು ಊರಿನ ಯಾವ ಗ್ಯಾರೇಜಿನಲ್ಲಿಯೂ ನಡೆಯಬಹುದು.

ಕಾರು 1969ರ ಎಂಜಿಬಿ, ಮಾಡು ಮಡಚುವ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಮುಂಬಯಿಯಲ್ಲಿದ್ದ ಮಾವ ಅಲ್ಲಿಯೇ ಕೊಂಡು, ಊರಿಗೆ ಮರಳುವಾಗ ಜೊತೆಗೆ ತಂದದ್ದು. 1798 ಸಿಸಿ ಎಂಜಿನ್, ನಾಲ್ಕು ಗೇರ್, ಅದರ ಹಿಂದುಗಡೆ ಲೇಕಾಕ್ ಓವರ್‌ಡ್ರೈವ್, ಅಂದರೆ ಅದೇ ವೇಗದಲ್ಲಿ ಎಂಜಿನ್ ನಿಧಾನವಾಗಿ ತಿರುಗುವಂತೆ ಮಾಡುವ ಹೆಚ್ಚುವರಿ ಗೇರ್ ಘಟಕ. ಎಂಜಿನ್ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯ ಬಿ ಸರಣಿಯದು. ಹಳೆಯ ಅಂಬಾಸಿಡರ್‌ನ ಎಂಜಿನ್ನೂ ಅದೇ ಕುಲದ್ದು. ಬಹುಶಃ ಈ ನೆಂಟಸ್ತಿಕೆಯೇ ನಮಗೆ ಮುಳುವಾಯಿತು. ಗ್ಯಾರೇಜಿನವರು ಅಂಬಾಸಿಡರ್‌ಗಳ ನಡುವೆಯೇ ತಲೆ ನರೆತವರು, ಈ ಕಾರಿನ ಕೈಪಿಡಿ ತೆರೆದು ನೋಡುವ ಅಗತ್ಯ ಅವರಿಗೆ ಕಾಣಲಿಲ್ಲ. ಎಣ್ಣೆ ಬದಲಿಸಿದ್ದನ್ನು ಬಾಯಲ್ಲಿಯೂ ಹೇಳಲಿಲ್ಲ. ಬಿಲ್ಲಿನಲ್ಲಿ ‘ಆಯಿಲ್, ಇತರೆ’ ಎಂದಷ್ಟೇ ಇತ್ತು.

ಮೊದಲು ತೊಂದರೆ ಕೊಟ್ಟದ್ದು ಓವರ್‌ಡ್ರೈವ್. ಸುರತ್ಕಲ್ ದಾಟಿ ಉಡುಪಿಯ ಕಡೆ ಹೆದ್ದಾರಿಯಲ್ಲಿ ಹೋಗುವಾಗ ಸ್ವಿಚ್ ಒತ್ತಿದರೆ ಎಂಜಿನ್ನಿನ ಸದ್ದು ತಟ್ಟನೆ ಇಳಿಯಬೇಕು. ಈಗ ಅದು ತಡವರಿಸತೊಡಗಿತು. ಹಿಡಿಯಿತು ಎನ್ನುವಷ್ಟರಲ್ಲಿ ಜಾರುತ್ತಿತ್ತು. ಆಮೇಲೆ ಎರಡನೇ ಗೇರಿನ ಸರದಿ. ಲೈಟ್‌ಹೌಸ್ ಹಿಲ್‌ನ ಏರಿನಲ್ಲಿ ಮೂರರಿಂದ ಎರಡಕ್ಕೆ ಇಳಿಸುವಾಗಲೆಲ್ಲ ಕರ್ರ್ ಎನ್ನುವ ಸದ್ದು. ಆಗುಂಬೆ ಘಾಟಿಗೆ ಹೋದ ದಿನವಂತೂ ಪ್ರತಿ ತಿರುವಿನಲ್ಲಿಯೂ ಮಾವ ಹಲ್ಲು ಕಚ್ಚಿಕೊಂಡು ಕುಳಿತಿದ್ದರು.

ಪತ್ತೆಯಾದದ್ದು ವಾಸನೆಯಿಂದ. ಈ ಕಾರಿನ ಗೇರ್‌ಬಾಕ್ಸ್‌ಗೆ ಎಂಜಿನ್ನಿಗೆ ಇರುವಂತೆಯೇ ಅಳತೆ ಕಡ್ಡಿಯಿದೆ. ಒಳಗಿನ ಕಾರ್ಪೆಟ್ ಎತ್ತಿ ರಬ್ಬರ್ ಮುಚ್ಚಳ ತೆಗೆದರೆ ಸಿಗುತ್ತದೆ. ಎಳೆದು ಮೂಗಿನ ಹತ್ತಿರ ಹಿಡಿದಾಗ ಗಂಧಕದ ಗಬ್ಬು ನಾತ. ಲಾರಿಯ ಡಿಫರೆನ್ಷಿಯಲ್ (ಹಿಂದಿನ ಆಕ್ಸಲ್‌ನ ಗೇರುಗಳ ಪೆಟ್ಟಿಗೆ) ಬಿಚ್ಚುವಲ್ಲಿ ನಿಂತವರಿಗೆ ಆ ವಾಸನೆ ಗೊತ್ತು. ಎಂಜಿಬಿಯ ಗೇರ್‌ಬಾಕ್ಸ್ ಮತ್ತು ಓವರ್‌ಡ್ರೈವ್ ಎರಡಕ್ಕೂ ಬೇಕಾದದ್ದು ಎಂಜಿನ್ನಿಗೆ ಹಾಕುವ ಅದೇ 20ಡಬ್ಲ್ಯು-50 ಎಣ್ಣೆ. ಅದಕ್ಕೆ ಈ ನಾತ ಇರುವುದಿಲ್ಲ.

ಫೋನ್ ಮಾಡಿದಾಗ ಗ್ಯಾರೇಜಿನವರಿಗೆ ಸಂಕೋಚವೇನೂ ಇರಲಿಲ್ಲ. “ಒಳ್ಳೆಯದನ್ನೇ ಹಾಕಿದ್ದೇವೆ ಮಾರಾಯರೇ. 80ಡಬ್ಲ್ಯು-90, ಜಿಎಲ್-5. ನಾಲ್ಕಕ್ಕಿಂತ ಐದು ಮೇಲಲ್ಲವೇ?”

ಅಲ್ಲ. 80ಡಬ್ಲ್ಯು-90 ಎಂಬುದು ಎಣ್ಣೆಯ ದಪ್ಪದ ಗುರುತು; ಜಿಎಲ್ ಎಂದರೆ ಗೇರ್ ಲ್ಯೂಬ್ರಿಕೆಂಟ್, ಗೇರ್ ಎಣ್ಣೆ. ಜಿಎಲ್ ಮುಂದಿನ ಅಂಕಿ ದರ್ಜೆಯ ಏಣಿಯಲ್ಲ, ಕೆಲಸದ ಗುರುತು. ಜಿಎಲ್-5 ಇರುವುದು ಹಿಂದಿನ ಆಕ್ಸಲ್‌ನ ಹೈಪಾಯಿಡ್ ಗೇರುಗಳಿಗೆ. ಅಲ್ಲಿ ಹಲ್ಲುಗಳು ಭಾರಿ ಒತ್ತಡದಲ್ಲಿ ಒಂದರ ಮೇಲೊಂದು ಉಜ್ಜಿಕೊಂಡು ಜಾರುತ್ತವೆ. ಅದನ್ನು ತಾಳಲೆಂದು ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಜಿಎಲ್-4ಕ್ಕಿಂತ ಸುಮಾರು ಎರಡು ಪಟ್ಟು ಬೆರೆಸಿರುತ್ತಾರೆ. ಉಕ್ಕಿನ ಮೇಲೆ ಇವು ಕಟ್ಟುವ ಪದರ ರಕ್ಷೆ. ಆದರೆ ಹಳೆಯ ಗೇರ್‌ಬಾಕ್ಸ್‌ನ ಸಿಂಕ್ರೋ ಉಂಗುರಗಳು (ಗೇರ್ ಸದ್ದಿಲ್ಲದೆ ಬೀಳುವಂತೆ ಮಾಡುವ ಉಂಗುರಗಳು) ಹಿತ್ತಾಳೆಯವು. ಹಿತ್ತಾಳೆಗೆ ಆ ಪದರ ಎಷ್ಟು ಬಿಗಿಯಾಗಿ ಅಂಟುತ್ತದೆ ಎಂದರೆ, ಉಜ್ಜಿದಾಗ ಪದರದ ಜೊತೆ ಹಿತ್ತಾಳೆಯೂ ಕಿತ್ತು ಬರುತ್ತದೆ. ಬಿಸಿ ಹೆಚ್ಚಿದಷ್ಟು ಈ ಸವೆತವೂ ಹೆಚ್ಚು.

ಇನ್ನೊಂದು ತೊಂದರೆ ಬೇಗ ಗೊತ್ತಾಗುವಂಥದ್ದು. ಸಿಂಕ್ರೋ ಉಂಗುರ ಗೇರಿನ ಶಂಕುವನ್ನು ಕ್ಷಣಕಾಲ ಕಚ್ಚಿ ಹಿಡಿದು ಎರಡರ ವೇಗವನ್ನೂ ಸಮ ಮಾಡಬೇಕು. ಅತಿ ಜಾರಿನ ಎಣ್ಣೆಯಲ್ಲಿ ಅದರ ಪಾಡು ಕೈಗೆ ಎಣ್ಣೆ ಸವರಿಕೊಂಡು ತೆಂಗಿನ ಮರ ಹತ್ತಲು ಹೊರಟವನ ಪಾಡು. ಓವರ್‌ಡ್ರೈವ್‌ನ ಒಳಗಿನ ಕೋನ್ ಕ್ಲಚ್ಚಿನದೂ ಅದೇ ಕಥೆ. ಹೊಸ ಜಿಎಲ್-5 ಎಣ್ಣೆಗಳು ತಾಮ್ರದ ಪಟ್ಟಿಯ ಪರೀಕ್ಷೆಯಲ್ಲಿ ಪಾಸಾಗುತ್ತವೆ ಎಂದು ಅಂಗಡಿಯವರು ವಾದಿಸುತ್ತಾರೆ. ಹಲವು ಪಾಸಾಗುವುದೂ ನಿಜ. ಆದರೆ ಆ ಪರೀಕ್ಷೆ ಹೇಳುವುದು ಲೋಹ ಕೊರೆಯುತ್ತದೆಯೇ ಎಂಬುದನ್ನು ಮಾತ್ರ. ಉಂಗುರ ಹಿಡಿಯುತ್ತದೆಯೇ ಎಂಬುದನ್ನಲ್ಲ.

ಎಣ್ಣೆ ಇಳಿಸಿ, ಸ್ವಲ್ಪವನ್ನು ಬಿಳಿ ಪಿಂಗಾಣಿ ತಟ್ಟೆಗೆ ಹೊಯ್ದು ಅಂಗಳದ ಬಿಸಿಲಿಗೆ ಹಿಡಿದೆವು. ತಟ್ಟೆ ಓಲಿಸಿದರೆ ಕಂದು ಎಣ್ಣೆಯೊಳಗೆ ಬಂಗಾರದ ಬಣ್ಣದ ಹುಡಿ ಸುಳಿಸುಳಿಯಾಗಿ ತಿರುಗುತ್ತಿತ್ತು. ಅಯಸ್ಕಾಂತ ಅದ್ದಿದಾಗ ಬೂದು ಬಣ್ಣದ ನವುರು ಮಸಿ ಅಂಟಿತು. ಅದು ಉಕ್ಕಿನದು, ಹಳೆಯ ಪೆಟ್ಟಿಗೆಯಲ್ಲಿ ಸ್ವಲ್ಪ ಇದ್ದೇ ಇರುತ್ತದೆ. ಬಂಗಾರದ ಹುಡಿ ಮಾತ್ರ ಅಯಸ್ಕಾಂತದತ್ತ ತಿರುಗಿಯೂ ನೋಡಲಿಲ್ಲ. ಹಿತ್ತಾಳೆ.

ಉಂಗುರಗಳು ಮೊದಲೇ ಸವೆದಿದ್ದವು ಎಂಬುದು ಗ್ಯಾರೇಜಿನವರ ಸಮರ್ಥನೆ. ಅದರಲ್ಲಿ ಸ್ವಲ್ಪ ಸತ್ಯವಿರಬಹುದು, ಕಾರಿಗೂ ವಯಸ್ಸಾಗಿದೆ. ಆದರೆ ಅವರ ಕೈಗೆ ಹೋಗುವ ಮುನ್ನ ಎರಡನೇ ಗೇರ್ ಸದ್ದಿಲ್ಲದೆ ಬೀಳುತ್ತಿತ್ತು, ಓವರ್‌ಡ್ರೈವ್ ಒಮ್ಮೆಯೂ ಜಾರಿರಲಿಲ್ಲ. ಹಣದ ಮಾತು ಬಂದಾಗ ಅವರು ಫೋನ್ ಎತ್ತುವುದನ್ನೇ ಬಿಟ್ಟರು. ಎಂಜಿಬಿಯಲ್ಲಿ ಗೇರ್‌ಬಾಕ್ಸ್ ಒಂದನ್ನೇ ಕೆಳಗಿಳಿಸಲು ಬರುವುದಿಲ್ಲ, ಎಂಜಿನ್ ಸಮೇತ ಎತ್ತಬೇಕು. ಉಂಗುರಗಳು ಇಂಗ್ಲೆಂಡಿನಿಂದ ಬರಬೇಕು, ಅದರ ಮೇಲೆ ಕಸ್ಟಮ್ಸ್ ಸುಂಕ. ಲೆಕ್ಕ ನೀವೇ ಹಾಕಿಕೊಳ್ಳಿ.

ಕೊಳ್ಳುವಾಗ ಡಬ್ಬಿಯ ಹಿಂಬದಿಯನ್ನೂ ಓದಿ. ‘ಜಿಎಲ್-4/ಜಿಎಲ್-5’ ಎಂದು ಎರಡನ್ನೂ ಬರೆದಿದ್ದರೆ ಅದನ್ನು ಜಿಎಲ್-5 ಎಂದೇ ತಿಳಿಯಿರಿ. 90 ಎಂಬ ಅಂಕಿ 50ಕ್ಕಿಂತ ದಪ್ಪ ಎಂಬ ಭ್ರಮೆಯೂ ಬೇಡ. ಗೇರ್ ಎಣ್ಣೆಗೂ ಎಂಜಿನ್ ಎಣ್ಣೆಗೂ ಅಳತೆಗೋಲು ಬೇರೆ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 50ರ ಎಂಜಿನ್ ಎಣ್ಣೆಯ ಸ್ನಿಗ್ಧತೆ 16.3ರಿಂದ 21.9 ಸೆಂಟಿಸ್ಟೋಕ್ಸ್, 90ರ ಗೇರ್ ಎಣ್ಣೆಯದು 13.5ರಿಂದಲೇ ಶುರು. ಅಂದರೆ ಎರಡೂ ಹೆಚ್ಚುಕಡಿಮೆ ಒಂದೇ ದಪ್ಪ. 20ಡಬ್ಲ್ಯು-50 ಹುಡುಕಿಕೊಂಡು ದೂರ ಹೋಗಬೇಕಿಲ್ಲ, ಹಳೆಯ ಬುಲೆಟ್ ಇಟ್ಟುಕೊಂಡವರನ್ನು ಕೇಳಿದರೆ ಅಂಗಡಿ ತೋರಿಸುತ್ತಾರೆ.

ಹಾಗೆಂದು ಇದನ್ನು ಓದಿ ಎಲ್ಲ ಹಳೆಯ ಕಾರಿಗೂ 20ಡಬ್ಲ್ಯು-50 ಸುರಿಯಬೇಡಿ. ಪೋರ್ಷೆ 911ರ 915 ಗೇರ್‌ಬಾಕ್ಸ್‌ನಲ್ಲಿ ಡಿಫರೆನ್ಷಿಯಲ್ ಕೂಡ ಅದೇ ಪೆಟ್ಟಿಗೆಯಲ್ಲಿದೆ, ಸಿಂಕ್ರೋ ಉಂಗುರಗಳು ಹಿತ್ತಾಳೆಯವಲ್ಲ. ಅದಕ್ಕೆ ಜಿಎಲ್-5 ಎಣ್ಣೆಯೇ ಸರಿ. ನಿಮ್ಮ ಕಾರಿನ ಕೈಪಿಡಿ ಏನು ಹೇಳುತ್ತದೋ ಅದು. ಆ ಪುಟದ ಪ್ರತಿ ತೆಗೆದು ಕಾರಿನ ಜೊತೆಗೇ ಕೊಡಿ, ಎಣ್ಣೆಯ ದರ್ಜೆಯನ್ನು ಬಿಲ್ಲಿನಲ್ಲಿ ಬರೆಸಿ, ಖಾಲಿ ಡಬ್ಬಿಯನ್ನು ಕೇಳಿ ಪಡೆಯಿರಿ. ಡಬ್ಬಿ ಗುಜರಿಗೆ ಹೋಯಿತು ಎಂದರೆ ಅನುಮಾನಪಡಿ.

ತಪ್ಪು ಎಣ್ಣೆ ಆಗಲೇ ಬಿದ್ದಿದ್ದರೆ, ಸ್ವಲ್ಪ ದೂರ ಓಡಿಸಿ ಬಿಸಿಯಿರುವಾಗಲೇ ಇಳಿಸಿ. ಸರಿಯಾದದ್ದನ್ನು ತುಂಬಿ ಕೆಲವು ದಿನ ಓಡಿಸಿ, ಅದನ್ನೂ ಚೆಲ್ಲಿ ಮತ್ತೆ ಹೊಸದನ್ನು ತುಂಬಿ; ಮೂಲೆಗಳಲ್ಲಿ ಉಳಿದದ್ದು ಒಂದೇ ಸಲಕ್ಕೆ ಬರುವುದಿಲ್ಲ. ಓವರ್‌ಡ್ರೈವ್ ಇದ್ದರೆ ಅದರ ತಳದ ತಟ್ಟೆ ಬಿಚ್ಚಿ ಜಾಲರಿಯನ್ನೂ ತೊಳೆಯಬೇಕು. ಹಿಂದಿನ ಆಕ್ಸಲ್‌ನ ಎಣ್ಣೆಗೆ ಮಾತ್ರ ಕೈ ಹಚ್ಚಬೇಡಿ, ಅಲ್ಲಿ 90ರ ಹೈಪಾಯಿಡ್ ಎಣ್ಣೆಯೇ ಇರಬೇಕು.