ಫೈಟ್ ಕೂಡ ಕಥೆ ಹೇಳಬೇಕು: ವರ್ಷಗಟ್ಟಲೆ ಆಡಿದ ಐದು ಜೆಆರ್‌ಪಿಜಿಗಳು

ಜೆಆರ್‌ಪಿಜಿ, ಅಂದರೆ ಜಪಾನಿನ ರೋಲ್ ಪ್ಲೇಯಿಂಗ್ ವಿಡಿಯೋ ಗೇಮ್, ಆಡುವವರ ದೂರು ಯಾವಾಗಲೂ ಒಂದೇ. ಕಥೆ ಚೆನ್ನಾಗಿದ್ದರೆ ಫೈಟ್ ಬೋರು, ಫೈಟ್ ಚೆನ್ನಾಗಿದ್ದರೆ ಕಥೆ ಸಪ್ಪೆ. ನನ್ನ ತಕರಾರು ಬೇರೆ. ಎರಡೂ ಚೆನ್ನಾಗಿದ್ದು ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ ಏನು ಬಂತು? ಕಥೆಯಲ್ಲಿ ಒಂದೇ ಏಟಿಗೆ ಸಾಯುವವನು ಫೈಟಿನಲ್ಲಿ ನೂರು ಏಟು ತಿಂದು ನಿಂತಿರುತ್ತಾನೆ. ಈ ಐದು ಗೇಮ್‌ಗಳನ್ನು ನಾನು ಅಳೆಯುವುದು ಇದೇ ಲೆಕ್ಕದಲ್ಲಿ.

ನನ್ನ ಪಾಲಿಗೆ ಮೊದಲನೆಯದು ಕ್ಸೆನೋಬ್ಲೇಡ್ ಕ್ರಾನಿಕಲ್ಸ್. 2010ರಲ್ಲಿ ನಿಂಟೆಂಡೋದ ವೀ ಕನ್ಸೋಲ್‌ಗೆ ಬಂದದ್ದು, 2020ರಲ್ಲಿ ಅವರದೇ ಸ್ವಿಚ್‌ಗೆ ಡೆಫಿನಿಟಿವ್ ಎಡಿಷನ್ ಆಗಿ ಬಂತು. ನಾಯಕ ಶಲ್ಕ್ ಕೈಯಲ್ಲಿ ಮೊನಾಡೋ ಅನ್ನುವ ಕತ್ತಿ. ಅದರಿಂದ ಅವನಿಗೆ ಮುಂದಾಗುವುದು ಮೊದಲೇ ಕಾಣುತ್ತದೆ. ಫೈಟ್ ನಡೆಯುವಾಗಲೂ ಅಷ್ಟೇ. ಇದ್ದಕ್ಕಿದ್ದಂತೆ ಒಂದು ದೃಶ್ಯ ಬರುತ್ತದೆ: ಯಾವ ಶತ್ರು, ಯಾವ ಏಟು, ನಮ್ಮಲ್ಲಿ ಯಾರು ಬೀಳುತ್ತಾರೆ. ಆಮೇಲೆ ಸೆಕೆಂಡುಗಳು ಇಳಿಯಲು ಶುರು. ಅಷ್ಟರಲ್ಲಿ ಜೊತೆಗಾರನ ಹತ್ತಿರ ಓಡಿ ಎಚ್ಚರಿಸಬೇಕು, ಇಲ್ಲ ಮೊನಾಡೋ ಶೀಲ್ಡ್ ಹಾಕಬೇಕು, ಇಲ್ಲ ಶತ್ರುವನ್ನೇ ಕೆಡವಬೇಕು. ಕಥೆಯಲ್ಲಿ ಶಲ್ಕ್ ಪಡುವ ಸಂಕಟವೂ ಇದೇ ಅಲ್ವಾ? ಇನ್ನೊಂದು ವಿಷಯ. ಶುರುವಿನಲ್ಲಿ ಮೆಕಾನ್ ಯಂತ್ರಗಳಿಗೆ ಮಾಮೂಲಿ ಆಯುಧ ತಾಗುವುದೇ ಇಲ್ಲ. ಮೊನಾಡೋ ಶಕ್ತಿ ಬೇಕು, ಇಲ್ಲವೇ ಅವನ್ನು ನೆಲಕ್ಕೆ ಬೀಳಿಸಬೇಕು. ಊರಿನವರು ಈ ಯಂತ್ರಗಳಿಗೆ ಯಾಕೆ ಅಷ್ಟು ಹೆದರುತ್ತಾರೆ ಅಂತ ಬಾಯಲ್ಲಿ ಹೇಳಬೇಕಾಗಿಲ್ಲ, ನಮ್ಮ ಏಟು ವ್ಯರ್ಥವಾದಾಗಲೇ ಗೊತ್ತಾಗುತ್ತದೆ. ಕೊರತೆಯೂ ಇದೆ. ಸೈಡ್ ಕ್ವೆಸ್ಟ್‌ಗಳು (ಮುಖ್ಯ ಕಥೆಗೆ ಸೇರದ ಬಿಡಿ ಕೆಲಸಗಳು) ರಾಶಿ, ಮುಕ್ಕಾಲು ಪಾಲು "ಇಷ್ಟು ಕೊಂದು ಬಾ, ಅಷ್ಟು ಹೆಕ್ಕಿ ತಾ" ಬಗೆಯವು. ಶತ್ರುವಿನ ಲೆವೆಲ್ ನಮಗಿಂತ ಐದಾರು ಜಾಸ್ತಿ ಇದ್ದರಂತೂ ನಮ್ಮ ಏಟು ಗುರಿ ಮುಟ್ಟುವುದೇ ಕಷ್ಟ.

ಫೈನಲ್ ಫ್ಯಾಂಟಸಿ 10 ಬಂದದ್ದು 2001ರಲ್ಲಿ. ಇವತ್ತಿಗೂ ಇದಕ್ಕಿಂತ ಅಚ್ಚುಕಟ್ಟಾದ ಟರ್ನ್ ಫೈಟ್, ಅಂದರೆ ಸರದಿ ಪ್ರಕಾರ ಹೊಡೆಯುವ ಫೈಟ್, ಕಡಿಮೆ. ಮುಂದೆ ಯಾರ ಸರದಿ ಅಂತ ಪರದೆಯ ಪಕ್ಕದಲ್ಲೇ ಪಟ್ಟಿ ಇರುತ್ತದೆ. ಹಾರುವ ಪ್ರಾಣಿಗೆ ವಾಕ್ಕಾನ ಚೆಂಡು, ಗಟ್ಟಿ ಚಿಪ್ಪಿನದಕ್ಕೆ ಆರನ್ ಕತ್ತಿ, ಲೋಳೆಯಂಥ ಫ್ಲಾನ್‌ಗೆ ಲುಲುವಿನ ಮಂತ್ರ. ಯಾರನ್ನು ಬೇಕಾದರೂ ನಡುವೆಯೇ ಒಳಗೆ ಕರೆಯಬಹುದು, ಟರ್ನ್ ವ್ಯರ್ಥವಾಗುವುದಿಲ್ಲ. ಯಾರೂ ಬೆಂಚ್ ಕಾಯುವುದಿಲ್ಲ, ಹಾಗಾಗಿ ಎಲ್ಲರೂ ನಮ್ಮವರಾಗುತ್ತಾರೆ. ಇನ್ನು ಕಥೆಯ ಕೊನೆಯಲ್ಲಿ ಆಗುವುದನ್ನು ಹೇಳುತ್ತೇನೆ, ಆಡದವರು ಮುಂದಿನ ಪ್ಯಾರಾಕ್ಕೆ ಹೋಗಿ. ನಮ್ಮ ಗುಂಪಿನ ಯೂನಾ ಸಹಾಯಕ್ಕೆ ಕರೆಯುವ ಏಯಾನ್ ಅನ್ನುವ ದೈತ್ಯಶಕ್ತಿಗಳನ್ನು ಗೇಮ್ ಉದ್ದಕ್ಕೂ ನಾವೇ ಬೆಳೆಸಿರುತ್ತೇವೆ. ಕೊನೆಗೆ ಅವನ್ನೇ ಒಂದೊಂದಾಗಿ ಕರೆದು ಕೊಲ್ಲಬೇಕು. ಆ ಫೈಟಿನಲ್ಲಿ ನಮ್ಮ ಪಾರ್ಟಿ ಸತ್ತರೂ ತಾನೇ ಎದ್ದು ನಿಲ್ಲುತ್ತದೆ, ಸೋಲುವ ಭಯವೇ ಇಲ್ಲ. ಆದರೂ ಬಟನ್ ಒತ್ತಲು ಕೈ ಬರುವುದಿಲ್ಲ. ಗೆಲ್ಲುವುದು ಸುಲಭ ಮಾಡಿ ಹೊಟ್ಟೆ ಉರಿಸುವ ಫೈಟ್ ನಾನು ಬೇರೆಲ್ಲೂ ನೋಡಿಲ್ಲ.

ಪರ್ಸೋನಾ 5 ರಾಯಲ್‌ದು ಇನ್ನೊಂದು ದಾರಿ. ಹಗಲು ಟೋಕಿಯೋದಲ್ಲಿ ಸ್ಕೂಲು, ಗೆಳೆತನ. ಆಮೇಲೆ ಕೆಟ್ಟವರ ಮನಸ್ಸಿನೊಳಗೆ ನುಗ್ಗಿ ಕಳ್ಳತನ. ಶತ್ರುವಿನ ದುರ್ಬಲ ಜಾಗಕ್ಕೆ ಹೊಡೆದರೆ ಇನ್ನೊಂದು ಟರ್ನ್ ಸಿಗುತ್ತದೆ, ಅದನ್ನು ಗೆಳೆಯನಿಗೆ ದಾಟಿಸಿದರೆ ಅವನ ಏಟು ಇನ್ನೂ ಜೋರು. ಹಗಲಿನ ಸ್ನೇಹಗಳು ಫೈಟಿಗೂ ಬರುತ್ತವೆ. ಶೋಗಿ ಆಡುವ ಹಿಫುಮಿ ಜೊತೆ ಕೂತು ಕಲಿತರೆ ಫೈಟ್ ನಡುವೆ ಆಳು ಬದಲಿಸುವ ವಿದ್ಯೆ ಸಿಗುತ್ತದೆ (ಫೈನಲ್ ಫ್ಯಾಂಟಸಿ ಬಿಟ್ಟಿ ಕೊಟ್ಟಿದ್ದನ್ನು ಇವರು ಸಂಪಾದಿಸಿ ಅಂತಾರೆ). ಶುರುವಿನ ಕಮೋಶಿದಾ ಭಾಗ, ಅಂದರೆ ಸ್ಕೂಲನ್ನೇ ತನ್ನ ಕೋಟೆ ಅಂದುಕೊಂಡ ವಾಲಿಬಾಲ್ ಕೋಚ್ ಕಥೆ, ಇಡೀ ಗೇಮಿನಲ್ಲೇ ಗಟ್ಟಿ. ಮಧ್ಯದಲ್ಲಿ ಸ್ವಲ್ಪ ಎಳೆತ. ಮೆಮೆಂಟೋಸ್ ಸುರಂಗಗಳು ಶುದ್ಧ ಬೋರು. ಒಂದು ಎಚ್ಚರಿಕೆ: ಗೇಮಿನ ಕ್ಯಾಲೆಂಡರ್‌ನಲ್ಲಿ ನವೆಂಬರ್ 18ರೊಳಗೆ ಸ್ಕೂಲಿನ ಆಪ್ತಸಮಾಲೋಚಕ ಮಾರುಕಿ ಜೊತೆಗಿನ ಸ್ನೇಹ ರ‍್ಯಾಂಕ್ 9ಕ್ಕೆ ಬರಬೇಕು. ಇಲ್ಲದಿದ್ದರೆ ರಾಯಲ್‌ನ ಹೊಸ ಕೊನೆಯ ಭಾಗ ತೆರೆಯುವುದೇ ಇಲ್ಲ. ನೂರು ಗಂಟೆ ಆಡಿ ಅದನ್ನೇ ಬಿಟ್ಟರೆ ಯಾಕೆ ಬೇಕು ಹೇಳಿ.

ಟೇಲ್ಸ್ ಆಫ್ ಅರೈಸ್ (2021) ಅರ್ಧ ಮಾತ್ರ ಇಷ್ಟ. ನಾಯಕ ಆಲ್ಫೆನ್‌ಗೆ ನೋವೇ ಗೊತ್ತಾಗುವುದಿಲ್ಲ. ಶಿಯೋನ್‌ಳನ್ನು ಮುಟ್ಟಿದವರಿಗೆಲ್ಲ ನೋವು. ಅವಳ ಬೆಂಕಿ ಕತ್ತಿ ಹಿಡಿಯಬಲ್ಲವನು ಇವನೊಬ್ಬನೇ, ಹಿಡಿದರೆ ಕೈ ಸುಡುತ್ತದೆ. ಫೈಟಿನಲ್ಲೂ ಆ ಕತ್ತಿಯ ಏಟಿಗೆ ಅವನ ಎಚ್‌ಪಿಯೇ (ಜೀವದ ಅಂಕವೇ) ಖರ್ಚು. ಎಂಥಾ ಒಳ್ಳೆ ಯೋಚನೆ! ಆದರೆ ದ್ವಿತೀಯಾರ್ಧದಲ್ಲಿ ಮಾತೇ ಮಾತು. ಬಾಸ್‌ಗಳ ಎಚ್‌ಪಿ ಎಷ್ಟು ಹೊಡೆದರೂ ಕರಗುವುದಿಲ್ಲ. ಬಣ್ಣ ಬದಲಿಸಿಕೊಂಡು ಬರುವ ಅದದೇ ಶತ್ರುಗಳು ಬೇರೆ.

ಡ್ರಾಗನ್ ಕ್ವೆಸ್ಟ್ 11ರ ಫೈಟ್ ಹಳೇ ಕಾಲದ್ದು. ಮೆನು, ದಾಳಿ, ಮಂತ್ರ, ಮುಗೀತು. ನನ್ನ ಲೆಕ್ಕದಲ್ಲಿ ಇದಕ್ಕೆ ಅಂಕ ಕಡಿಮೆಯೇ, ಆದರೂ ಖುಷಿಯಿಂದ ಆಡಿದೆ. ಕಥೆ ಬೆಚ್ಚಗಿದೆ, ಮಧ್ಯದಲ್ಲಿ ಒಂದು ದೊಡ್ಡ ಪೆಟ್ಟು ಕೊಡುತ್ತದೆ. ಡ್ರಾಕೋನಿಯನ್ ಕ್ವೆಸ್ಟ್ ಅಂತ ಒಂದು ಸೆಟ್ಟಿಂಗ್ ಇದೆ, ಅದರಲ್ಲಿ ಊರ ಜನ ಸುಮ್ನೆ ಸುಳ್ಳು ಹೇಳುತ್ತಾರೆ. ನಾಯಕ ಏನೋ ಹಳೆಯದು ನೆನೆದು ನಾಚಿಕೊಂಡು ತನ್ನ ಟರ್ನನ್ನೇ ಬಿಡುತ್ತಾನೆ. ತಮಾಷೆಗಾದರೂ ಹಾಕಿ ನೋಡಿ.

ಐದರಲ್ಲೂ ಓದುವುದು ಜಾಸ್ತಿ, ಅದೂ ಇಂಗ್ಲಿಷಿನಲ್ಲಿ. ಹೊಸಬರು ಡ್ರಾಗನ್ ಕ್ವೆಸ್ಟ್ 11 ಎಸ್ ಎಡಿಷನ್‌ನ ಫ್ರೀ ಡೆಮೋದಿಂದ ಶುರು ಮಾಡಬಹುದು. ಡೆಮೋ ಸುಮಾರು ಹತ್ತು ಗಂಟೆ ಬರುತ್ತದೆ. ಆಮೇಲೆ ಗೇಮ್ ಕೊಂಡರೆ ಅದೇ ಸೇವ್ ಮುಂದುವರಿಯುತ್ತದೆ. ಅರೈಸ್ ಮಾತ್ರ ಸೇಲ್ ಬಂದಾಗ ತಗೊಳ್ಳಿ.