ಬಿತ್ತನೆ ಹತ್ತಿಯನ್ನು ಕಂಡ ಕಂಡ ಜಿನ್ನಿಗೆ ಹಾಕಬೇಡಿ

ಕುಂದಗೋಳ ಕಡೆಯ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ನಾವು ಇನ್ನೂ ಜಯಧರ ಬೆಳೆಯುತ್ತೇವೆ. ದೇಸಿ ಹತ್ತಿ, ಕಾಳು ಎತ್ತಿಟ್ಟು ಮರುವರ್ಷ ಬಿತ್ತಬಹುದು. ಹೋದ ವರ್ಷ ಒಳ್ಳೆಯ ಗಿಡ ನೋಡಿ ಬಿಡಿಸಿದ ಮೂರು ಕ್ವಿಂಟಲ್ ಹತ್ತಿಯನ್ನು ಬೀಜಕ್ಕೆಂದೇ ಬೇರೆ ಇಟ್ಟಿದ್ದೆ. ಏಪ್ರಿಲ್‌ನಲ್ಲಿ ಅದನ್ನು ಹತ್ತಿರದ ಜಿನ್ನಿಗೆ, ಅಂದರೆ ಹತ್ತಿಯಿಂದ ಕಾಳು ಬೇರ್ಪಡಿಸುವ ಗಿರಣಿಗೆ ಒಯ್ದೆ.

ಅಲ್ಲಿ ಸೀಸನ್ ಪೂರ್ತಿ ಓಡಿದ್ದು ಬಿಟಿ ಹತ್ತಿ. ಡಬಲ್ ರೋಲರ್ ಯಂತ್ರದಲ್ಲಿ ಚರ್ಮದ ರೋಲರ್ ಅರಳೆಯನ್ನು (ಹತ್ತಿಯ ಎಳೆಯನ್ನು) ಎಳೆಯುತ್ತದೆ, ಆಡುವ ಚಾಕು ಕಾಳನ್ನು ಬಡಿದು ಬೇರ್ಪಡಿಸುತ್ತದೆ. ಚಾಕುಗಳ ಅಂತರ ಕಾಳಿನ ಗಾತ್ರಕ್ಕೆ ಹೊಂದಬೇಕು. ಜಯಧರದ ಕಾಳು ಸಣ್ಣದು. ಅಂತರ ಹೆಚ್ಚಿದ್ದರೆ ಕಾಳೇ ಸಿಕ್ಕಿ ನುಗ್ಗಾಗುತ್ತದೆ. ಸೆಟ್ಟಿಂಗ್ ಬದಲಿಸಿ ಎಂದು ಕೇಳಿಕೊಂಡೆ. "ಏನೂ ಆಗಂಗಿಲ್ಲ ಬಿಡ್ರಿ, ದಿನಾ ಹಿಂಗ ಓಡಸ್ತೀವಿ" ಅಂದ ಮೇಸ್ತ್ರಿ. ಬಿಸಿಲಿಗೆ ಹತ್ತಿ ಬಹಳ ಒಣಗಿದೆ ಎಂದು ಪೈಪ್ ಹಿಡಿದು ರಾಶಿಗೆ ನೀರನ್ನೂ ಹೊಡೆದರು. ನಾನು ಸುಮ್ಮನೆ ನಿಂತೆ. ಆ ಹಸಿ ಕಾಳನ್ನೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಮನೆಗೆ ತಂದೆ. ವಾರದ ಮೇಲೆ ಕೈ ಹಾಕಿದರೆ ಚೀಲದೊಳಗೆ ಬೆಚ್ಚಗಿತ್ತು.

ಆಗಸ್ಟ್‌ನಲ್ಲಿ ಬಿತ್ತುವ ಮುಂಚೆ ಸಗಣಿ ರಾಡಿಯಲ್ಲಿ ಕಾಳು ತಿಕ್ಕುವಾಗ ಕೆಲವು ಬೆರಳ ಸಂದಿಯಲ್ಲೇ ಹೋಳಾದವು. ಕಾಳಿನ ಮೇಲೆ ಉಳಿಯುವ ಸಣ್ಣ ನಾರು, ಜುಂಗು, ಮುಚ್ಚಿದ್ದರಿಂದ ಅಲ್ಲಿಯವರೆಗೆ ಬಿರುಕು ಕಂಡಿರಲಿಲ್ಲ. ಆದರೂ ಬಿತ್ತಿದೆ. ಸಾಲು ಸಾಲೇ ಖಾಲಿ. ಉಳಿದ ಕಾಳಿನಲ್ಲಿ ನೂರು ಎಣಿಸಿ ಹಸಿ ಗೋಣಿಯಲ್ಲಿ ಸುತ್ತಿಟ್ಟೆ, ಮೊಳೆತದ್ದು 28. ಹೈಬ್ರಿಡ್ ಅಲ್ಲದ ಪ್ರಮಾಣಿತ ಹತ್ತಿ ಬೀಜಕ್ಕೆ ನೂರಕ್ಕೆ ಕನಿಷ್ಠ 65 ಇರಬೇಕು. ಮೊಳೆತವುಗಳಲ್ಲೂ ಕೆಲವು ಬಿಟಿ ಕಾಳು, ಯಂತ್ರದಲ್ಲಿ ಉಳಿದಿದ್ದವು ಬೆರೆತಿದ್ದವು. ಅರಳೆಯಲ್ಲಿ ಸಿಪ್ಪೆ ಚೂರು ಅಂಟಿದೆ ಎಂದು ಖಾದಿಯವರೂ ವಾಪಸ್ ಕಳಿಸಿದರು.

ನನ್ನನ್ನು ನಂಬಿ ಕಾಳು ಒಯ್ದಿದ್ದ ನಮ್ಮ ಕಾಕಾ ಅದನ್ನು ಬಿತ್ತಿದ ತಮ್ಮ ಹೊಲ ಹರಗಿ ಕಡಲೆ ಹಾಕಿದರು. ಒಂದು ಮಾತೂ ಅನ್ನಲಿಲ್ಲ. ಅದು ಇನ್ನೂ ನೋಯುತ್ತದೆ.

ಬೀಜಕ್ಕೆ ಹತ್ತಿ ಒಯ್ಯುವವರು ಮೊದಲು ಯಂತ್ರವನ್ನೂ ಜಾಲರಿಯನ್ನೂ ಪೂರ್ತಿ ಗುಡಿಸಿಸಿ. ನೀರು ಮುಟ್ಟಿಸಲು ಬಿಡಬೇಡಿ. ಚಾಕುಗಳ ಅಂತರ ಹೊಂದಿಸಿದ ಮೇಲೆ ಐದು ಕಿಲೋ ಮಾತ್ರ ಓಡಿಸಿ, ಒಂದು ಹಿಡಿ ಕಾಳು ತಿಕ್ಕಿ ನೋಡಿ. ಎರಡು ಮೂರು ಒಡೆದದ್ದು ಕಂಡರೂ ಉಳಿದ ಹತ್ತಿ ಹೇರಿಕೊಂಡು ವಾಪಸ್ ಬನ್ನಿ, ಗಾಡಿ ಬಾಡಿಗೆ ಹೋದರೆ ಹೋಗಲಿ.